ಬೈಸಿಕೊಳ್ಳದೆ ಹೋದ ದೊಡ್ಡಕ್ಕ

ಜಯನಗರ ನಾಲ್ಕನೇ ಬ್ಲಾಕಿನ ಫುಟ್‌ಪಾತಿನಲ್ಲಿ ಹೇರ್‌ಬ್ಯಾಂಡು, ಕ್ಲಿಪ್ಪು ಮಾರುವವನ ಟಾರ್ಪಾಲಿನ ಮೇಲೆ ಮೊನ್ನೆ ಒಂದು ಮರದ ಸೀರಣಿಗೆ ಕಂಡಿತು. ಎರಡೂ ಕಡೆ ಹಲ್ಲಿರುವ, ಹೇನು ಬಾಚುವ ಹಳೇ ಕಾಲದ್ದು. ಕೈಗೆತ್ತಿಕೊಂಡೆ. “ಈಗ ಯಾರಿಗಿದೆ ಮೇಡಂ ಹೇನು? ಅಜ್ಜಿಯರು ಕೇಳ್ತಾರೆ ಅಂತ ಇಟ್ಟಿದೀನಿ” ಅಂದ. ಮೂಗಿನಲ್ಲಿ ಆಗಲೇ ಬೇವಿನೆಣ್ಣೆಯ ವಾಸನೆ ತುಂಬಿಕೊಂಡಿತ್ತು, ಅದರ ಹಿಂದೆಯೇ ಸಿಟ್ಟು. ಇಷ್ಟು ವರ್ಷವಾದರೂ ಮೊದಲು ಬರುವುದು ಸಿಟ್ಟೇ.

ಜರಗನಹಳ್ಳಿಯಲ್ಲಿ, ಕನಕಪುರ ರಸ್ತೆಯಿಂದ ಸ್ವಲ್ಪ ಒಳಗೆ ಒಂದು ಬಾಡಿಗೆ ಕಟ್ಟಡ. ಮನೆ ಬಿಟ್ಟು ಓಡಿಹೋದ, ಕೈ ಕೊಯ್ದುಕೊಂಡ, ಪಂಕ್ಚರ್ ಹಾಕುವ ಸಲ್ಯೂಷನ್ ಮೂಸಿ ಮೂಸಿ ಮಂಕಾದ ಹುಡುಗಿಯರನ್ನು ಅಲ್ಲೇ ಇರಿಸಿಕೊಂಡು ಚಿಕಿತ್ಸೆ ಕೊಡುವ ಸಂಸ್ಥೆ. ಎಂಎಸ್‌ಡಬ್ಲ್ಯೂ ಮುಗಿಸಿ ಅಲ್ಲಿ ಕೆಲಸಕ್ಕೆ ಸೇರಿದೆ. ನಮ್ಮಪ್ಪ ಸಿದ್ದಾಪುರದ ನರ್ಸರಿಯಲ್ಲಿ ಕುಂಡಗಳಿಗೆ ಮಣ್ಣು ತುಂಬಿ ನನ್ನನ್ನು ಓದಿಸಿದವರು. ನಮ್ಮ ವಂಶದಲ್ಲಿ ಡಿಗ್ರಿ ಅಂತ ತಗೊಂಡವಳು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ.

ಅಲ್ಲಿನ ಸೀನಿಯರ್ ಕೇರ್ ವರ್ಕರ್‌ಗೆ ಎಲ್ಲರೂ ದೊಡ್ಡಕ್ಕ ಅನ್ನುತ್ತಿದ್ದರು. ಡಾಕ್ಟರು, ಕೌನ್ಸೆಲರು ಬಂದು ಹೋಗುವವರು. ಹುಡುಗಿಯರನ್ನು ಎಬ್ಬಿಸಿ, ಮಾತ್ರೆ ನುಂಗಿಸಿ, ಜಗಳ ಬಿಡಿಸಿ ಇಡೀ ದಿನ ಜೊತೆಗಿರುವ ಕೆಲಸ ನಮ್ಮದು. ಮೊದಲ ದಿನವೇ ದೊಡ್ಡಕ್ಕ ಕೇಳಿದರು: “ಏನಮ್ಮ ಗೋಲ್ಡ್ ಮೆಡಲ್, ವಾಂತಿ ಆಗಿರೋ ಬೆಡ್‌ಶೀಟ್ ಒಗೆಯೋಕೆ ಬರುತ್ತಾ?” “ಒಗೆಯೋಕೆ ಬರುತ್ತೆ ಅಕ್ಕ, ಮೆಡಲ್ಲೇ ಬರ್ಲಿಲ್ಲ” ಅಂದೆ. ನಕ್ಕುಬಿಟ್ಟರು. ಅವತ್ತಿನಿಂದ ನಾನು ಅವರವಳು.

ಮಧ್ಯಾಹ್ನ ಹುಡುಗಿಯರನ್ನು ಮುಂದೆ ಕೂರಿಸಿಕೊಂಡು ಬೇವಿನೆಣ್ಣೆ ಹಚ್ಚಿ ಹೇನು ಬಾಚುತ್ತಿದ್ದರು. ಮುಖ ನೋಡದೆ ಕೂತರೆ ಮಾತು ತಾನಾಗಿ ಬರುತ್ತಿತ್ತು. ಹದಿನೈದರ ಒಬ್ಬ ಹುಡುಗಿ ಮಾತ್ರ ಬಹಳ ದಿನ ಯಾರಿಗೂ ತಲೆ ಕೊಡಲಿಲ್ಲ. ಅವಳಮ್ಮ ಅವಳನ್ನು ಚಿಕ್ಕಲಸಂದ್ರದ ಅತ್ತೆ ಮನೆಯಲ್ಲಿ ಬಿಟ್ಟು, ಟೈಲರ್ ಹತ್ತಿರ ಬ್ಲೌಸ್ ಇಸ್ಕೊಂಡು ಬರ್ತೀನಿ ಅಂತ ಹೋದವಳು ತಿರುಗಿ ಬಂದಿರಲಿಲ್ಲ. ಆ ಹುಡುಗಿ ಕೊನೆಗೊಂದು ದಿನ ತಾನಾಗಿ ಬಂದು ದೊಡ್ಡಕ್ಕನ ಮುಂದೆ ಬೆನ್ನು ಹಾಕಿ ಕೂತಳು. ದೊಡ್ಡಕ್ಕ ಸೀರಣಿಗೆ ಎತ್ತಿಕೊಂಡರು.

ಇಂಥ ಮಕ್ಕಳಿಗೆ ಹೇಳದೆ ಹೋಗಬಾರದು ಅನ್ನುವುದು ದೊಡ್ಡಕ್ಕನ ಕಾನೂನು. ಕೆಲಸ ಬಿಡುವವರು ಅಡುಗೆಯವರಾಗಲಿ, ಟ್ರೇನಿಯಾಗಲಿ, ಮೊದಲೇ ಹೇಳಬೇಕು. ಕೊನೆಯ ದಿನ ಸಂಜೆ ಕಾಫಿ ಆದಮೇಲೆ ಹಾಲ್‌ನಲ್ಲಿ ಚಾಪೆಯ ಮೇಲೆ ಕೂತು ಹುಡುಗಿಯರ ಕೈಲಿ ಬೈಸಿಕೊಳ್ಳಬೇಕು. ತಿರುಗಿ ಒಂದು ಮಾತೂ ಆಡುವಂತಿಲ್ಲ. ಅಡುಗೆಯ ಆಂಟಿ ಹೊರಟಾಗ ಒಬ್ಬಳು ಹೇಳಿದಳು: “ಅನ್ನದಲ್ಲಿ ಕಲ್ಲು ಇದ್ದಿದ್ದಕ್ಕೆ ಕ್ಷಮಿಸಿದೀವಿ ಆಂಟಿ. ಹೋಗ್ತಿರೋದಕ್ಕೆ ಕ್ಷಮಿಸಲ್ಲ.” ಕಾಲೇಜಿನಿಂದ ಬಂದಿದ್ದ ಟ್ರೇನಿಯೊಬ್ಬಳಿಗೆ ಚಿಕ್ಕಲಸಂದ್ರದ ಹುಡುಗಿಯೇ ಕೇಳಿದ್ದಳು: “ನಿಮಗೇನಕ್ಕ, ಮಾರ್ಕ್ಸ್ ಸಿಕ್ತು, ಹೋಗ್ತಿದೀರ. ನಾವೇನು ನಿಮ್ಮ ಪ್ರಾಜೆಕ್ಟಾ?” ಆ ಟ್ರೇನಿ ಅಳಲು ಶುರುಮಾಡಿದಾಗ ದೊಡ್ಡಕ್ಕ ಗದರಿದರು. “ಅಳಬೇಡಿ. ನೀವು ಅತ್ರೆ ಇವರು ನಿಮ್ಮನ್ನ ಸಮಾಧಾನ ಮಾಡ್ಬೇಕಾಗುತ್ತೆ. ಸುಮ್ನೆ ಕೇಳಿಸ್ಕೊಳ್ಳಿ.”

ಬೈದ ಮೇಲೆ ಹುಡುಗಿಯರು ಗೇಟಿನವರೆಗೂ ಬಂದು ಕಳಿಸಿಕೊಡುತ್ತಿದ್ದರು. ಅಷ್ಟೇ ಬೇಕಾಗಿದ್ದುದು. ಅದಕ್ಕೆ ಖರ್ಚೂ ಇಲ್ಲ, ಅನುಮತಿಯೂ ಬೇಕಿಲ್ಲ ಅಂದುಕೊಂಡಿದ್ದೆವು.

ಸಂಸ್ಥೆ ನಡೆಸುತ್ತಿದ್ದ ಮೇಡಂ ಒಂದು ದಿನ ದುಡ್ಡು ಕೊಡುವ ಕಂಪನಿಯವರನ್ನು ಕರೆತಂದರು. ಹುಡುಗಿಯರು ಗುಂಪಾಗಿ ಕೂತು ಮನಸ್ಸಿನ ಮಾತಾಡುವ ಹೊತ್ತಿನಲ್ಲಿ ಇವರೂ ಕ್ಯಾಮೆರಾ ಹಿಡಿದು ಕೂರಬೇಕಂತೆ, ಕತೆ ಕೇಳಬೇಕಂತೆ. ದೊಡ್ಡಕ್ಕ ಬಾಗಿಲಿಗೆ ಅಡ್ಡ ನಿಂತರು. “ಇದು ಲಾಲ್‌ಬಾಗ್ ಅಲ್ಲ ಮೇಡಂ, ಟಿಕೆಟ್ ತಗೊಂಡು ನೋಡ್ಕೊಂಡು ಹೋಗೋಕೆ.” ಬಂದವರು ಸೌಜನ್ಯಕ್ಕೆ ನಕ್ಕರು. ಮೇಡಂ ನಗಲಿಲ್ಲ.

ಅದೇ ವಾರ ಹುಡುಗಿಯರು ಮೇಲಿನ ಮಹಡಿಯಲ್ಲಿ ಪಾಠಕ್ಕೆ ಕೂತಿದ್ದಾಗ ಮೇಡಂ ದೊಡ್ಡಕ್ಕನನ್ನು ಆಫೀಸಿಗೆ ಕರೆಸಿ ಬೀಗದ ಕೈ ಇಸಿದುಕೊಂಡು, ನಾಳೆಯಿಂದ ಬರಬೇಡಿ ಅಂದರು. ನಾನೂ ಅಲ್ಲೇ ಇದ್ದೆ. ದೊಡ್ಡಕ್ಕ ಕಾರಣ ಕೇಳಲಿಲ್ಲ. “ಸಂಜೆ ಅರ್ಧ ಗಂಟೆ ಕೊಡಿ ಮೇಡಂ. ಬೈಸ್ಕೊಂಡು ಹೋಗ್ತೀನಿ” ಅಂದರು. “ಅದೆಲ್ಲ ಮಕ್ಕಳಿಗೆ ಡಿಸ್ಟರ್ಬ್ ಆಗುತ್ತೆ. ನಾನು ಹ್ಯಾಂಡಲ್ ಮಾಡ್ತೀನಿ” ಅಂದರು ಮೇಡಂ.

ಅವರು ಹ್ಯಾಂಡಲ್ ಮಾಡಿದ್ದು ಹೀಗೆ. ಊಟದ ಹೊತ್ತಿಗೆ ಬಂದು, ನಿಮ್ಮ ದೊಡ್ಡಕ್ಕನಿಗೆ ಜಾಸ್ತಿ ಸಂಬಳದ ಕೆಲಸ ಸಿಕ್ಕಿತು, ಅರ್ಜೆಂಟಾಗಿ ಹೋದರು, ನಿಮಗೆಲ್ಲ ಬೈ ಹೇಳಿದ್ದಾರೆ ಅಂತ ಹೇಳಿ ಹೊರಟುಹೋದರು. ತುತ್ತು ಕಲಸುತ್ತಿದ್ದ ಕೈಗಳೆಲ್ಲ ನಿಂತವು. ಒಂದು ಹುಡುಗಿಯೂ ಪ್ರಶ್ನೆ ಕೇಳಲಿಲ್ಲ. ಪ್ರಶ್ನೆ ಕೇಳದಷ್ಟು ಅಭ್ಯಾಸ ಆಗಿಹೋಗಿತ್ತು ಆ ಮಕ್ಕಳಿಗೆ.

ಸಂಜೆ ಹುಡುಗಿಯರನ್ನು ಕೂರಿಸಿ ಇದ್ದದ್ದು ಇದ್ದಂಗೆ ಹೇಳಿದೆ. ಅವರು ಬಿಟ್ಟು ಹೋಗಲಿಲ್ಲ, ತೆಗೆದುಹಾಕಿದರು, ನಿಮ್ಮನ್ನು ನೋಡಲು ಕೇಳಿಕೊಂಡರು, ಬಿಡಲಿಲ್ಲ ಅಂದೆ. ಚಿಕ್ಕಲಸಂದ್ರದ ಹುಡುಗಿ ನನ್ನನ್ನು ಕನಿಕರದಿಂದ ನೋಡಿದಳು. “ಹೋಗ್ಲಿ ಬಿಡಿ ಅಕ್ಕ. ನಮ್ಮತ್ತೇನೂ ಹಿಂಗೇ ಹೇಳೋರು. ನಿಮ್ಮಮ್ಮ ಬರೋಕೇ ಹೊರಟಿದ್ಲು, ಬಸ್ ಸಿಗ್ಲಿಲ್ಲ ಅಂತ.”

ಆಮೇಲೆ ಅವಳು ಯಾರಿಗೂ ತಲೆ ಕೊಡಲಿಲ್ಲ. ಅಡುಗೆಮನೆಯ ಕತ್ತರಿಯಿಂದ ಕೂದಲನ್ನೇ ಕತ್ತರಿಸಿಕೊಂಡಳು. ಇದನ್ನು ಮೇಡಂ ಮುಂದೆ ಹೇಳಿದರೆ, “ಅವಳ ಡಯಾಗ್ನೋಸಿಸ್ಸೇ ಹಾಗಿದೆ” ಅಂದರು. ಕಾಯಿಲೆಯಂತೆ. ಸುಳ್ಳು ಹೇಳಿದವರು ಆರೋಗ್ಯವಾಗಿದ್ದರು.

ದೊಡ್ಡಕ್ಕ ಮಾರನೇ ವಾರ ಗೇಟಿನ ಹತ್ತಿರ ಬಂದಿದ್ದರು. ವಾಚ್‌ಮನ್ ಕೈ ಮುಗಿದ. “ಮೇಡಂ ಆರ್ಡರ್ ಅಕ್ಕ. ನನ್ನ ಹೊಟ್ಟೆ ಮೇಲೆ ಹೊಡೀಬೇಡಿ.” ನಾನು ಓಡಿಹೋಗಿ, “ನೀವು ಕೂಗಾಡಿ ಅಕ್ಕ, ಹುಡುಗೀರೆಲ್ಲ ಕೇಳಿಸ್ಕೊಳ್ಳಲಿ” ಅಂದೆ. ಅವರು ಮೇಲಿನ ಕಿಟಕಿಗಳನ್ನೇ ನೋಡುತ್ತಿದ್ದರು. “ಬೇಡ. ದೊಡ್ಡೋರು ಗೇಟಲ್ಲಿ ಕಿತ್ತಾಡೋದನ್ನ ಈ ಮಕ್ಕಳು ಬೇಕಾದಷ್ಟು ನೋಡಿದಾರೆ.” ಹೋಗುವಾಗ ತಿರುಗಿ ನೋಡಲಿಲ್ಲ. ಆ ಒಂದು ವಿಷಯಕ್ಕೆ ನನಗೆ ಅವರ ಮೇಲೂ ಸಿಟ್ಟಿದೆ... ಒಂದು ಸಲ ಕೂಗಿದ್ದರೆ ಒಂದು ಹುಡುಗಿಯಾದರೂ ನಂಬುತ್ತಿದ್ದಳೇನೋ.

ಕೆಲವೇ ತಿಂಗಳಲ್ಲಿ ನಾನೂ ಬಿಟ್ಟೆ. ನನ್ನನ್ನು ಚಾಪೆಯ ಮೇಲೆ ಕೂರಲು ಬಿಟ್ಟರು, ಆದರೆ ಯಾರೂ ಬೈಯಲಿಲ್ಲ. “ಹೋಗ್ಬನ್ನಿ ಅಕ್ಕ” ಅಂದರು, ಮನೆಗೆ ಬಂದ ನೆಂಟರಿಗೆ ಹೇಳುವಂತೆ.

ಈಗ ನಾನು ಬನಶಂಕರಿಯ ಬೇರೊಂದು ಕಡೆ ಅದೇ ಕೆಲಸದಲ್ಲಿದ್ದೇನೆ. ಹೆಸರಿನ ಹಿಂದೆ ಸೀನಿಯರ್ ಅಂತ ಸೇರಿದೆ. ಆ ಮೇಡಂ ಮೊನ್ನೆ ಮೊನ್ನೆ ಒಂದು ಟ್ರೇನಿಂಗಿನಲ್ಲಿ ಮಕ್ಕಳ ನಂಬಿಕೆ ಗಳಿಸುವುದು ಹೇಗೆ ಅಂತ ಭಾಷಣ ಮಾಡಿದರು. ಚಪ್ಪಾಳೆ ಬಿತ್ತು. ನಾನು ತಟ್ಟಲಿಲ್ಲ.

ದೊಡ್ಡಕ್ಕ ಹೋದ ವರ್ಷ ತೀರಿಕೊಂಡರು. ಸುದ್ದಿ ತಿಳಿದ ದಿನ ಚಿಕ್ಕಲಸಂದ್ರದ ಹುಡುಗಿಗೆ ಫೋನ್ ಮಾಡಿದೆ. ಬಿಟಿಎಂನಲ್ಲಿ ಬ್ಯೂಟಿ ಪಾರ್ಲರ್ ಕೆಲಸ, ಈಗ ಅವಳಿಗೊಂದು ಮಗುವಿದೆ. “ಯಾವ ದೊಡ್ಡಕ್ಕ?” ಅಂದಳು. ಆಮೇಲೆ, “ಓ, ಸಂಬಳ ಜಾಸ್ತಿ ಅಂತ ಹೋದ್ರಲ್ಲ, ಅವರಾ?”

“ಹಂಗಲ್ಲ ಕಣೇ...” ಅಂತ ಶುರುಮಾಡಿದೆ.

“ಅಕ್ಕ, ಕಸ್ಟಮರ್ ಇದಾರೆ. ಆಮೇಲೆ ಮಾಡ್ತೀನಿ.”

ಮಾಡಲಿಲ್ಲ. ಮಾಡುವುದೂ ಇಲ್ಲ, ನನಗೆ ಗೊತ್ತು. ನಾನು ನೂರು ಸಲ ಹೇಳಿದರೂ ಅದು ಅತ್ತೆಯ ಮಾತಿನ ಲೆಕ್ಕಕ್ಕೇ ಹೋಗುತ್ತದೆ. ಎದುರು ಕೂತು ಅವಳ ಬೈಗುಳವಷ್ಟನ್ನೂ ಕೇಳಿಸಿಕೊಳ್ಳಬಲ್ಲವರು ಒಬ್ಬರೇ ಇದ್ದರು. ಅವರನ್ನು ಬನಶಂಕರಿಯ ಚಿತಾಗಾರದಲ್ಲಿ ನಾವು ನಾಲ್ಕೈದು ಜನ ನಿಂತು ಕಳಿಸಿಕೊಟ್ಟೆವು. ಬೈಯುವವರು ಯಾರೂ ಬಂದಿರಲಿಲ್ಲ.