ಹಂಚಿನ ಮಾಮಾನ ಕಾಲು

ಹೋದ ವಾರ ಪಕ್ಕದ ಮನೆಯವರು ತಗಡು ಹಾಕಿಸಲೆಂದು ಹಳೆಯ ಹಂಚು ಇಳಿಸಿದರು. ಒಣಗಿದ ಪಾಚಿಯ ಧೂಳಿನ ವಾಸನೆ ನಮ್ಮ ಅಡುಗೆಮನೆಯವರೆಗೂ ಬಂತು. ಕಿಟಕಿ ಮುಚ್ಚಿದೆ. ಆದರೂ ಹಂಚಿನ ಮಾಮಾ ನೆನಪಾದರು...

ನಮ್ಮ ಖಾನಾಪುರದಲ್ಲಿ ಮಳೆ ಹಿಡಿದರೆ ತಿಂಗಳುಗಟ್ಟಲೆ ಬಿಡುವುದಿಲ್ಲ. ಅದಕ್ಕೇ ಪ್ರತಿ ಮೇ ತಿಂಗಳಲ್ಲಿ ಅವರು ಬಂದು ಮಾಡಿನ ಹಂಚನ್ನೆಲ್ಲ ತಿರುವಿ, ಪಾಚಿ ಕೆರೆದು, ಒಡೆದದ್ದನ್ನು ಬದಲಿಸಿ ಹೋಗುತ್ತಿದ್ದರು. ಬರಿಗಾಲು, ಸೊಂಟಕ್ಕೊಂದು ಟವೆಲ್. ಹಗ್ಗ ಕಟ್ಟಿಕೊಳ್ಳಿ ಎಂದು ಯಾರೂ ಹೇಳುತ್ತಿರಲಿಲ್ಲ, ನಾನೂ ಹೇಳಲಿಲ್ಲ.

ಅವರು ಕೊನೆಯ ಸಲ ಮಾಡು ಹತ್ತಿದ ವರ್ಷ ಕೆಳಗೆ ನಿಂತು, "ಮಾಮಾ, ಸಾವಕಾಶ ರೀ, ವಯಸ್ಸಾತು" ಎಂದೆ.

"ನನಗಲ್ಲ ಅಣ್ಣಾರ, ನಿಮ್ಮ ಮಾಡಿಗೆ ವಯಸ್ಸಾಗೇತಿ" ಎಂದು ನಕ್ಕರು.

ನಿಜವನ್ನೇ ಹೇಳಿದ್ದರು. ಹಂಚು ಕೂರಿಸುವ ಮರದ ಪಟ್ಟಿ, ಒಳಗೊಳಗೇ ಗೆದ್ದಲು ತಿಂದಿದ್ದ ರೀಪು, ಅವರ ಕಾಲಡಿಯಲ್ಲಿ ಮುರಿಯಿತು. ಹಂಚಿನ ಸಮೇತ ನಡುಮನೆಯ ನೆಲಕ್ಕೆ ಬಿದ್ದರು. ಸೊಂಟ ಮೊದಲು ತಾಗಿತು. ಗೆದ್ದಲು ನನಗೆ ಗೊತ್ತಿರಲಿಲ್ಲ, ಅದರ ಪಾಪ ನನ್ನದಲ್ಲ. ನನ್ನದು ಮುಂದಿನದು.

ಓಡಿಹೋದೆ. "ಹಂಗ ಬಿಡ್ರಿ ಚೂರು," ಎಂದರು. "ಕಾಲು ಆಡತಾವ." ಎರಡೂ ಪಾದ ಅಲ್ಲಾಡಿಸಿ ತೋರಿಸಿದರು. ಕಣ್ಣಾರೆ ನೋಡಿದೆ.

ನಮ್ಮಲ್ಲಿ ಬಿದ್ದವರನ್ನು ನೆಲದ ಮೇಲೆ ಬಿಡುವುದಿಲ್ಲ. ಎಬ್ಬಿಸಿ ಕೂಡಿಸಬೇಕು, ನೀರು ಕುಡಿಸಬೇಕು. ಅವರ ಕಂಕುಳಿಗೆ ಕೈ ಹಾಕಿ ಎತ್ತಿ ಕೂಡಿಸಿದೆ. ಅವರು ಕೂಗಿದ ಕೂಗು... ಬರೆಯಲಾರೆ. ಆಮೇಲೆ ಪಾದ ಆಡಲಿಲ್ಲ.

ಜೀಪಿನಲ್ಲಿ ಎದೆಗೆ ಒರಗಿಸಿಕೊಂಡು ಬೆಳಗಾವಿಯ ಆಸ್ಪತ್ರೆಗೆ ಒಯ್ದೆ. ಡಾಕ್ಟರು ಪಾದಕ್ಕೆ ಸೂಜಿ ಚುಚ್ಚಿ ನೋಡಿ, "ಬಿದ್ದ ಕೂಡ್ಲೇ ಕಾಲು ಆಡತಿದ್ವೇನ್ರಿ? ಯಾರರ ಎಬ್ಬಿಸಿ ಕೂಡಿಸಿದ್ರೇನ್ರಿ?" ಎಂದು ಕೇಳಿದರು.

"ಇಲ್ರೀ," ಎಂದೆ. "ಬಿದ್ದಾಗ್ಲೇ ಹಿಂಗ ಇದ್ರು."

ಮಾಮಾ ಎಚ್ಚರವಿದ್ದರು. ನನ್ನ ಮುಖವನ್ನೇ ನೋಡಿದರು. ಆಮೇಲೆ ಕಣ್ಣು ಮುಚ್ಚಿಕೊಂಡರು.

ಮುರಿದ ಎಲುಬಿಗೆ ರಾಡು ಹಾಕಿದರು. ಬೆನ್ನುಹುರಿಗೆ ಆದ ಪೆಟ್ಟು ವಾಸಿಯಾಗಲಿಲ್ಲ. ಎತ್ತರದಿಂದ ಬಿದ್ದವರನ್ನು ಕದಲಿಸದೆ, ಹಲಗೆಯ ಮೇಲೆ ಸೀದಾ ಮಲಗಿಸಿ ತರಬೇಕು ಎಂದು ವಾರ್ಡಿನಲ್ಲಿ ನರ್ಸ್ ಒಬ್ಬರು ಯಾರಿಗೋ ಹೇಳುತ್ತಿದ್ದರು. ಕೇಳಿಸದವನಂತೆ ಎದ್ದು ಹೊರಗೆ ಬಂದೆ.

ಮಾಮಾ ಎರಡು ವರ್ಷ ಮಂಚದಲ್ಲೇ ಇದ್ದರು. ಹೆಂಡತಿ ಹಗಲೂ ರಾತ್ರಿ ಮಗ್ಗುಲು ಬದಲಿಸಿದರೂ ಬೆನ್ನಿಗೆ ಹುಣ್ಣಾಯಿತು. ಕೀವು ತುಂಬಿ, ಜ್ವರ ಏರಿ ಹೋಗಿಬಿಟ್ಟರು. ಅಲ್ಲಿಯವರೆಗೂ ನಾನು ಹೋದಾಗಲೆಲ್ಲ ಹೆಂಡತಿಗೆ, "ಅಣ್ಣಾರಿಗೆ ಚಾ ಮಾಡ" ಎನ್ನುತ್ತಿದ್ದರು.

ಆಕೆ ಬಜಾರಿನಲ್ಲಿ ಸಿಕ್ಕರೆ ಕೈ ಮುಗಿಯುತ್ತಿದ್ದರು. "ನೀವಿದ್ರಿ ಅಂತ ಅವತ್ತ ಜೀವ ಉಳೀತು." ಇಷ್ಟು ವರ್ಷ ಆ ಮಾತನ್ನು ತಲೆಬಾಗಿಸಿ ತೆಗೆದುಕೊಂಡೆ.

ನಿನ್ನೆ ಮಾಮಿಯ ಮನೆಗೆ ಹೋಗಿ ಎಲ್ಲ ಹೇಳಿದೆ. ಕಟ್ಟೆಯ ಮೇಲೆ ಮೆಂತ್ಯ ಸೊಪ್ಪು ಸೋಸುತ್ತಿದ್ದರು. ಕೈ ನಿಂತಿತು.

"ಎರಡೂ ಕಾಲು ಆಡತಿದ್ವು?"

"ಎರಡೂ ಆಡತಿದ್ವು, ಮಾಮಿ."

"ಎಷ್ಟೊತ್ತ?"

"ನಾ ಎತ್ತೂ ತನಕ."

ಸೋಸಿದ ಸೊಪ್ಪನ್ನೂ ಸೋಸದ್ದನ್ನೂ ಒಂದೇ ಬುಟ್ಟಿಗೆ ತುಂಬಿಕೊಂಡು ಒಳಗೆ ಹೋದರು. ನಾನು ಕಟ್ಟೆಯ ಮೇಲೆ ಬಹಳ ಹೊತ್ತು ಕುಳಿತಿದ್ದೆ. ಅವರು ಹೊರಗೆ ಬರಲಿಲ್ಲ.