ಮೀನಿಗೆ ತಂಪು ಬೆರೆಸಿದ ದಿನ

ನಾನು ಚಿಕ್ಕವನಿದ್ದಾಗ ನಮ್ಮೂರಿನ ಕಾಲುವೆ ವಯಸ್ಸಿನಲ್ಲಿ ನನಗಿಂತಲೂ ಚಿಕ್ಕದಾಗಿತ್ತು. ನಾರಾಯಣಪುರ ಅಣೆಕಟ್ಟಿನ ನೀರು ನಮ್ಮ ದೇವಾಪುರದ ಹೊಲಗಳಿಗೆ ಹರಿದು ಬಂದದ್ದು ನಾನು ಹುಟ್ಟಿದ ಮೇಲೆ. ಬೇಸಿಗೆಯಲ್ಲಿ ಕಾಲುವೆಗೆ ನೀರು ಬಿಡುವುದನ್ನು ನಿಲ್ಲಿಸಿದಾಗ, ನಮ್ಮ ಹೊಲದ ಪಕ್ಕದ ತಗ್ಗಿನಲ್ಲಿ ಮಾತ್ರ ಒಂದಿಷ್ಟು ನೀರು ಉಳಿಯುತ್ತಿತ್ತು. ಕೃಷ್ಣೆಯಿಂದ ಬಂದ ಮೀನುಗಳಿಗೆ ಅದೇ ಕೊನೆಯ ಆಸರೆ.

ಅಂಥದೊಂದು ಮಧ್ಯಾಹ್ನ ನಾನು ಮತ್ತು ಅಕ್ಕ ಹೊಲದಲ್ಲಿದ್ದ ಅಪ್ಪನಿಗೆ ಬುತ್ತಿ ಒಯ್ಯುತ್ತಿದ್ದೆವು. ಕಪ್ಪು ಮಣ್ಣು ಕಾದು ಬಿರುಕುಬಿಟ್ಟಿತ್ತು. ಗಾಳಿಯಲ್ಲಿ ಒಣಗಿದ ಪಾಚಿಯ ವಾಸನೆ. ತಗ್ಗಿನಲ್ಲಿ ಗೆಂಡೆ ಮೀನುಗಳೆಲ್ಲ ಮೇಲಕ್ಕೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದವು. ಹಸಿದಿವೆ ಎಂದುಕೊಂಡು ನಾನು ಬುತ್ತಿಯ ರೊಟ್ಟಿ ಮುರಿದು ಎಸೆದೆ. ಒಂದೂ ಮುಟ್ಟಲಿಲ್ಲ.

ಅಕ್ಕ ನೀರಿಗೆ ಕೈಯಿಟ್ಟು ಬೆಚ್ಚಿದಳು. “ಲೇ ತಮ್ಮಾ, ನೀರು ಜಳಕಕ್ಕ ಕಾಸಿದಂಗ ಆಗ್ಯಾವಲೋ! ನೀ ನೋಡಿದ್ರ ಅವನ್ನ ಊಟಕ್ಕ ಕರಿಯಾಕತ್ತಿ!”

ನನಗೆ ಹೊಳೆದದ್ದು ನಮ್ಮ ಹೊಲದ ಮೆಟ್ಟಿಲ ಬಾವಿ. ಅದರ ನೀರು ಬೇಸಿಗೆಯಲ್ಲೂ ಹಲ್ಲು ಜುಮ್ಮೆನ್ನುವಷ್ಟು ತಂಪು. ಒಂದು ಮೀನನ್ನು ಟವೆಲಿನಲ್ಲಿ ಹಿಡಿದು ಓಡಿಹೋಗಿ ಬಾವಿಗೆ ಬಿಟ್ಟೆ. ಅದು ಒಮ್ಮೆ ಕೊಸರಿತು. ಬಿಳಿಯ ಹೊಟ್ಟೆ ಮೇಲಾಗಿ ತೇಲಿತು. ಉಳಿಸಲು ಹೊರಟ ನನ್ನ ಕೈಯಿಂದಲೇ ಅದು ಸತ್ತಿತ್ತು.

ನನ್ನ ಅಳು ಕೇಳಿ ಅಪ್ಪ ಬಂದ. “ಬಿಸಲಾಗ ಬೆವತು ಬಂದು ಬಾವ್ಯಾಗ ಜಿಗದ್ರ ನಿನ್ನ ಎದಿ ಝಲ್ ಅಂತೈತಿಲ್ಲೋ? ಅದಕ್ಕೂ ಹಂಗ ಆತು. ಬಿಸಿ ನೀರಾಗ ಅವಕ ಉಸರು ಸಾಲಂಗಿಲ್ಲ, ಖರೆ. ಆದ್ರ ತಂಪು ಮಾಡೂದೂ ಸಾವಕಾಶ ಮಾಡಬೇಕು,” ಎಂದ.

ಆಮೇಲೆ ತಗ್ಗಿನ ನೀರಿನ ಸಮೇತ ಎರಡೆರಡೇ ಮೀನುಗಳನ್ನು ಕೊಡಕ್ಕೆ ಹಾಕಿ ತಂದೆವು. ಕೊಡವನ್ನು ಬಾವಿಯ ಮೆಟ್ಟಿಲ ಮೇಲೆ, ಅದರ ಕುತ್ತಿಗೆಯವರೆಗೆ ನೀರು ಬರುವಂತೆ ನಿಲ್ಲಿಸಿ, ಅಪ್ಪ ಬೊಗಸೆ ಬೊಗಸೆಯಾಗಿ ಬಾವಿಯ ನೀರು ಬೆರೆಸಿದ. ನನಗೆ ತಾಳ್ಮೆ ಇರಲಿಲ್ಲ.

“ಈಗ ಬಿಡಲೇನಪ್ಪಾ?”

“ಯಾಕೋ, ಮದಿವಿ ಮುಹೂರ್ತ ಮೀರಿ ಹೊಂಟೈತೇನು?”

ಅಕ್ಕ ಬಿದ್ದು ಬಿದ್ದು ನಕ್ಕಳು. ಎರಡೂ ನೀರು ಕೈಗೆ ಒಂದೇ ಬಗೆ ತಾಕಿದಾಗ ಅಪ್ಪ ಕೊಡವನ್ನು ವಾಲಿಸಿದ. ಮೀನುಗಳು ಒಂದು ಕ್ಷಣ ನಿಂತವು. ಬಾಲ ಬಡಿದು ಆಳಕ್ಕೆ ಇಳಿದವು. ಹೊತ್ತು ಮುಳುಗುವವರೆಗೆ ನಮಗೆ ಅದೇ ಕೆಲಸ. ಅಪ್ಪ ಬುತ್ತಿ ಬಿಚ್ಚಿದ್ದು ಸಂಜೆಗೆ. ಅದರಲ್ಲಿ ಉಳಿದದ್ದು ಅರ್ಧ ರೊಟ್ಟಿ ಮತ್ತು ಖಾರ. ಅವನು ಅದನ್ನೇ ಅದ್ದಿಕೊಂಡು ತಿಂದ.

ಮೊಮ್ಮಕ್ಕಳೇ, ಊರಿನ ಬಿಸಿಲೆಷ್ಟೆಂದು ಇಂದು ನಿಮಗೆ ಮೊಬೈಲೇ ಹೇಳುತ್ತದೆ. ಸೆಕೆಯಾದರೆ ಮನೆಯಲ್ಲಿ ಕೂಲರ್ ಇದೆ. ನಮಗೆ ಅವು ಇರಲಿಲ್ಲ, ಅದರ ಕೊರಗೂ ನನಗಿಲ್ಲ. ಮೊನ್ನೆ ಕಾಲುವೆಯ ದಂಡೆಯಲ್ಲಿ ಹೊಂಗೆಯ ಸಸಿ ನೆಡುವಾಗ ನೀವು ವಾದಕ್ಕೆ ನಿಂತಿರಿ: “ಮುತ್ಯಾ, ಇಲ್ಲಿ ಯಾರೂ ಕೂಡಂಗಿಲ್ಲ. ನೆರಳು ಯಾರಿಗಿ?”

ನಾನು ನೀರಿನಲ್ಲಿದ್ದ ಮೀನು ತೋರಿಸಿದೆ. ನೀವು ಇನ್ನೆರಡು ಗುಂಡಿ ತೋಡಿದಿರಿ, ನೀರಿಗೆ ಇನ್ನಷ್ಟು ಹತ್ತಿರ.