ಹಾಕಿ ತಂಡಕ್ಕೆ ಮೂವರು ಮ್ಯಾನೇಜರರು

ನಮ್ಮ ಕಡೆಯೂ ಹಾಕಿ ಆಡುತ್ತಾರೆ ಎಂದರೆ ಕೊಡಗಿನವರು ನಗುತ್ತಾರೆ. ನಗಲಿ. ಆ ಕಡೆಯಿಂದಲೇ ವರ್ಗವಾಗಿ ಬಂದ ಒಬ್ಬ ಪಿ.ಟಿ. ಮೇಷ್ಟ್ರು ಕೊಪ್ಪದ ಹುಡುಗರಿಗೆ ಈ ಹುಚ್ಚು ಹಿಡಿಸಿದರು. ಮೇಷ್ಟ್ರು ಮತ್ತೆ ವರ್ಗವಾಗಿ ಹೋದರು, ಹುಚ್ಚು ಇಲ್ಲೇ ಉಳಿಯಿತು. ಅವರ ಶಿಷ್ಯರಿಗೆ ಈಗ ಮದುವೆಯಾಗಿದೆ, ಹೊಟ್ಟೆ ಬಂದಿದೆ, ಆದರೂ ಭಾನುವಾರ ಸ್ಟಿಕ್ ಹಿಡಿದು ಬರುತ್ತಾರೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ತಾಲ್ಲೂಕನ್ನು ಜಾಲಾಡಿದರೆ ಒಂದು ತಂಡವಾಗುತ್ತದೆ.

ಕೊಪ್ಪದಲ್ಲಿ ನನ್ನದೊಂದು ಪಂಪ್‌ಸೆಟ್ ರಿಪೇರಿ ಅಂಗಡಿ. ನಾನು ಹಾಕಿ ಆಡಿದವನಲ್ಲ. ಆದರೆ ಎರಡು ವರ್ಷ ಈ ತಂಡದ ಮ್ಯಾನೇಜರ್ ಆಗಿದ್ದೆ. ಮ್ಯಾನೇಜರ್ ಎಂದರೆ ಕೋಟು ಹಾಕಿಕೊಂಡು ಕುರ್ಚಿಯಲ್ಲಿ ಕೂರುವ ಕೆಲಸವಲ್ಲ. ಕ್ರಿಕೆಟ್ ಹುಡುಗರ ಕೈಯಿಂದ ಮೈದಾನ ಬಿಡಿಸಿಕೊಳ್ಳಬೇಕು, ಜೀಪು ಗೊತ್ತು ಮಾಡಬೇಕು, ಬುತ್ತಿ ಕಟ್ಟಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಹನ್ನೊಂದು ಜನರನ್ನು ಒಟ್ಟು ಸೇರಿಸಬೇಕು. ಆಮೇಲೆ ಮನೆಯ ಕಟ್ಟಡದ ಕೆಲಸ ಶುರುವಾಗಿ ಬಿಟ್ಟುಕೊಟ್ಟೆ. ಬಿಟ್ಟ ಮರುದಿನದಿಂದಲೇ ಸಂಕಟ ಶುರುವಾಯಿತು. ಮನೆ ಮುಗಿಯಿತು, ಸಂಕಟ ಮುಗಿಯಲಿಲ್ಲ. ಇನ್ನೊಮ್ಮೆ ಮ್ಯಾನೇಜರ್ ಆಗಬೇಕು ಎನ್ನುವುದೊಂದೇ ಆಸೆ ನನಗೆ. ಇದನ್ನು ಹೆಂಡತಿಯ ಹತ್ತಿರ ಬಿಟ್ಟು ಬೇರೆ ಯಾರ ಹತ್ತಿರವೂ ಬಾಯಿಬಿಟ್ಟು ಹೇಳಿರಲಿಲ್ಲ.

ಹೀಗಿರುವಾಗ ಶಿವಮೊಗ್ಗದ ಒಂದು ಪಂದ್ಯಾವಳಿಗೆ ತಂಡಕ್ಕೆ ಕರೆ ಬಂತು. ಹಳೆಯ ಮೂವರು ಮ್ಯಾನೇಜರರಲ್ಲಿ ಯಾರ ಕೆಲಸ ಹೇಗಿತ್ತು ಎಂದು ತೂಗಿ ನೋಡಿ, ಒಬ್ಬರನ್ನು ಆರಿಸೋಣವೆಂದು ಆಟಗಾರರು ಭಾನುವಾರ ಮಧ್ಯಾಹ್ನ ಶಾಲೆಯ ಕೋಣೆಯೊಂದರಲ್ಲಿ ಸಭೆ ಕರೆದರು. ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದೆ.

ನಮ್ಮ ಮೊದಲ ಮ್ಯಾನೇಜರ್ ಎನ್.ಆರ್. ಪುರದ ಬಟ್ಟೆ ಅಂಗಡಿಯ ಭಾಯಿ. ಅವರ ಕಾಲದಲ್ಲಿ ತಂಡ ಪಂದ್ಯಾವಳಿ ಗೆದ್ದು ಕಪ್ಪು ತಂದಿದೆ, ಸುಳ್ಳಲ್ಲ. ಆದರೆ ಕಪ್ಪು ಹಿಡಿದ ಫೋಟೋದಲ್ಲಿ ನಮ್ಮವರು ಎಲ್ಲಿದ್ದಾರೆಂದು ಹುಡುಕಬೇಕು. ಆಡಿದವರೆಲ್ಲ ಭಾಯಿ ಹೊರಗಿನಿಂದ ಕರೆಸಿದವರು. ನಮ್ಮವರು ಹೊಸ ಜರ್ಸಿ ಹಾಕಿಕೊಂಡು ಗೆರೆಯಾಚೆ ಕೂತು ಚಪ್ಪಾಳೆ ಹೊಡೆದಿದ್ದರು. ಎರಡನೆಯವರು ಕಿಗ್ಗದ ನಿವೃತ್ತ ಹೆಡ್ ಕ್ಲರ್ಕ್. ಅವರ ಕಾಲದಲ್ಲಿ ತಂಡ ಒಮ್ಮೆಯೂ ಸೋಲಲಿಲ್ಲ. ಸೋಲುವುದು ಹೇಗೆ? ಜಡಿಮಳೆಯ ಭಾನುವಾರಗಳನ್ನೇ ಹುಡುಕಿ ಪಂದ್ಯ ಇಡುತ್ತಿದ್ದರು. ಅರ್ಧ ಆಟಕ್ಕೆ ಮೈದಾನ ಕೆಸರುಗದ್ದೆಯಾಗಿ, ಎರಡೂ ಕಡೆಯವರು ಕೈಕುಲುಕಿ ಮನೆಗೆ ಹೋಗುತ್ತಿದ್ದರು.

ಮೂರನೆಯವನು ನಾನು. ನನ್ನ ಕಾಲದಲ್ಲಿ ತಂಡ ಆಡಿದ ಪಂದ್ಯಗಳನ್ನೆಲ್ಲ ಸೋತಿತು. ಇದನ್ನು ಮುಚ್ಚಿಡುವುದು ಸಾಧ್ಯವಿಲ್ಲ, ಊರಿಗೇ ಗೊತ್ತು. ಆದರೆ ಹನ್ನೊಂದು ಜನ ತಪ್ಪದೆ ಬರುತ್ತಿದ್ದರು, ಹನ್ನೊಂದೂ ನಮ್ಮವರೇ. ಕೊಯ್ಲಿನ ಕಾಲದಲ್ಲಿ ಯಾವ ಅಪ್ಪ ಮಗನನ್ನು ಆಟಕ್ಕೆ ಬಿಡುತ್ತಾನೆ? ಅದಕ್ಕೆ ನಾನು ಇಡೀ ತಂಡವನ್ನೇ ಮುಯ್ಯಾಳಿಗೆ ಇಳಿಸಿದೆ. ಈ ವಾರ ಎಲ್ಲರೂ ಸೇರಿ ಒಬ್ಬನ ಗದ್ದೆ ಕೊಯ್ದು ಕೊಡುವುದು, ಮುಂದಿನ ವಾರ ಇನ್ನೊಬ್ಬನದು. ಮುತ್ತಿನಕೊಪ್ಪದಲ್ಲಿ ನಮ್ಮ ಗೋಲ್‌ಕೀಪರನ ಅಪ್ಪ ಕೊಯ್ಲು ಮುಗಿದ ಗದ್ದೆ ನೋಡಿ, ‘ಹೋಗಿ ಆಡಿ ಬಾ ಮಾರಾಯ, ನನ್ನ ತಕರಾರು ಎಂತದೂ ಇಲ್ಲ’ ಎಂದು ತಾವೇ ಕಳಿಸಿದ್ದರು. ಕೊಯ್ದು ಕೊಯ್ದು ಸೊಂಟ ಹಿಡಿದುಕೊಂಡವರು ಮೈದಾನದಲ್ಲಿ ಬಗ್ಗಲಾರದೆ ಸೋತರು ಎನ್ನುವುದು ಬೇರೆ ಮಾತು.

ನಮ್ಮಲ್ಲಿ ಒಬ್ಬರ ಎದುರಿಗೇ ಅವರ ಹುಳುಕು ಆಡುವ ಅಭ್ಯಾಸವಿಲ್ಲ. ಸಭೆಯಲ್ಲಿ ತನ್ನ ವಿಷಯ ಬಂತೆಂದರೆ ಆ ಮನುಷ್ಯ ತಾನೇ ಎದ್ದು, ಟೀ ಕುಡಿದು ಬರುತ್ತೇನೆಂದು ಹೊರಗೆ ಹೋಗಬೇಕು. ಮೊದಲು ಭಾಯಿ ಹೋದರು. ಅವರು ಬರುವ ಮುಂಚೆಯೇ ಹೆಡ್ ಕ್ಲರ್ಕ್ ಎದ್ದರು. ಕೊನೆಗೆ ನಾನು. ರಸ್ತೆಯಾಚೆಯ ಟೀ ಅಂಗಡಿಯ ಬೆಂಚಿನ ಮೇಲೆ ಅಷ್ಟೊತ್ತಿಗೆ ಇಬ್ಬರೂ ಕೂತಿದ್ದರು. ನಾನೂ ಹೋಗಿ ಪಕ್ಕಕ್ಕೆ ಒತ್ತಿಕೊಂಡು ಕೂತೆ.

‘ಒಳಗೆ ಎಂತ ಹೇಳ್ತಾರೆ?’ ಎಂದು ಹೆಡ್ ಕ್ಲರ್ಕ್ ಕೇಳಿದರು.

‘ಎಲ್ಲರನ್ನೂ ಹೊಗಳ್ತಿದಾರೆ ಸಾರ್. ಒಬ್ಬರೂ ಸತ್ಯ ಹೇಳಲ್ಲ’ ಎಂದೆ.

‘ಹಾಗಾದ್ರೆ ನಾವೇ ಹೇಳಿಕೊಳ್ಳೋಣ’ ಎಂದು ಭಾಯಿ ನಕ್ಕರು. ‘ನಾನು ಕಪ್ಪು ತಂದೆ, ಆದ್ರೆ ಆ ಕಪ್ಪು ನೋಡಿದ್ರೆ ನಮ್ಮ ಹುಡುಗರ ಮುಖದಲ್ಲಿ ಕಳೆನೇ ಇರಲಿಲ್ಲ.’

‘ನಂದು ಬಿಡಿ ಮಾರಾಯ್ರೆ, ನಾನು ಮಳೆ ನಂಬಿಕೊಂಡು ಮಾನ ಉಳಿಸಿಕೊಂಡವ’ ಎಂದರು ಹೆಡ್ ಕ್ಲರ್ಕ್.

ನನ್ನ ಸರದಿ ಬಂದಾಗ ಇಬ್ಬರೂ ನನ್ನ ಮುಖ ನೋಡಿ ಬಿದ್ದು ಬಿದ್ದು ನಕ್ಕರು. ನನಗೆ ಸಿಟ್ಟು ಬಂತು, ಆಮೇಲೆ ನನಗೂ ನಗು ತಡೆಯಲಾಗಲಿಲ್ಲ. ಟೀ ಅಂಗಡಿಯವನು ಬಂದು, ಇನ್ನೊಂದು ಸುತ್ತು ಟೀ ಹಾಕಲಾ ಎಂದು ಕೇಳಿದ.

ಅಷ್ಟರಲ್ಲಿ ಕ್ಯಾಪ್ಟನ್ ರಸ್ತೆ ದಾಟಿ ಬಂದ. ಅವನು ಲೈನ್‌ಮನ್. ಎಲ್ಲೋ ತಂತಿಯ ಮೇಲೆ ಮರ ಬಿದ್ದು, ಅವನ ಫೋನು ಬಾಯಿ ಮುಚ್ಚಿರಲಿಲ್ಲ. ‘ಅಣ್ಣ, ಒಳಗೆ ಎಲ್ಲರೂ ನಿಮ್ಮ ಹೆಸರೇ ಹೇಳಿದ್ರು. ಗೆಲ್ಲೋದು ಸೋಲೋದು ಇದ್ದದ್ದೇ, ನಿಮ್ಮ ಕಾಲದಲ್ಲಿ ನಾವೇ ಆಡಿದ್ವಿ. ಈ ಸಲನೂ ನೀವೇ ಮ್ಯಾನೇಜರ್ ಆಗ್ಬೇಕು’ ಎಂದ.

ನನ್ನ ಎದೆ ಉಬ್ಬಿತು. ಕುಣಿಯಬೇಕು ಅನ್ನಿಸಿತು. ಆದರೆ ನಮ್ಮ ಕಡೆ ಒಂದು ರೀತಿ ಇದೆ. ಯಾರದೇ ಮನೆಯಲ್ಲಿ ಊಟಕ್ಕೆ ಏಳಿ ಎಂದರೆ, ಎಷ್ಟೇ ಹಸಿವಾಗಿರಲಿ, ಮೊದಲು ‘ಬೇಡ, ಈಗಷ್ಟೇ ಆಯ್ತು’ ಎನ್ನಬೇಕು. ಅವರು ಒತ್ತಾಯ ಮಾಡಬೇಕು, ನಾವು ಬೇಸರವಾದಂತೆ ಏಳಬೇಕು. ಒಂದೇ ಮಾತಿಗೆ ಎದ್ದು ಕೈ ತೊಳೆದರೆ ಆಸೆಬುರುಕ ಎನ್ನುತ್ತಾರೆ. ಅದೇ ರೂಢಿಯಲ್ಲಿ ನನ್ನ ಬಾಯಿಂದ ತಾನಾಗಿ ಮಾತು ಬಂತು. ‘ಅಯ್ಯೋ, ನನಗೆ ಬೇಡ ಮಾರಾಯ. ನನ್ನಿಂದ ಎಂತ ಆಗ್ತದೆ? ಭಾಯಿ ಇದಾರಲ್ಲ, ಅವರಿಗೇ ಹೇಳು.’

ಕ್ಯಾಪ್ಟನ್ ಒತ್ತಾಯ ಮಾಡಲು ಬಾಯಿ ತೆರೆದ. ಫೋನು ಹೊಡೆದುಕೊಂಡಿತು. ಆ ಕಡೆಯವರು ಕರೆಂಟಿಲ್ಲವೆಂದು ಕೂಗಾಡುವುದು ನಮಗೂ ಕೇಳಿಸಿತು. ಅವನು ಫೋನು ಕಿವಿಯಲ್ಲಿಟ್ಟುಕೊಂಡೇ, ‘ಭಾಯಿ, ಹಾಗಾದ್ರೆ ನೀವು ಆಗ್ತೀರಾ?’ ಎಂದ. ಭಾಯಿ ಒಮ್ಮೆಯೂ ಬೇಡ ಎನ್ನಲಿಲ್ಲ. ಅವನ ಅವಸರ ನೋಡಿ ‘ಆಯ್ತಪ್ಪ’ ಎಂದುಬಿಟ್ಟರು. ಕ್ಯಾಪ್ಟನ್ ಬೈಕು ಹತ್ತಿ ಹೋದ. ನನ್ನ ಕೈಯಲ್ಲಿದ್ದ ಟೀ ಲೋಟ ಹಾಗೇ ಇತ್ತು.

ಮನೆಯಲ್ಲಿ ಹೆಂಡತಿ ವಿಷಯ ಕೇಳಿ ಸೆರಗು ಬಾಯಿಗೆ ಹಿಡಿದು ನಕ್ಕಳು. ‘ಅಲ್ಲ, ಮ್ಯಾನೇಜರ್ ಕೆಲಸ ಎಂತ ಹೋಳಿಗೆನಾ, ಎರಡನೇ ಸಲ ಬಡಿಸ್ತಾರೆ ಅಂತ ಕಾಯೋಕೆ?’ ನಾನು ಊಟಕ್ಕೆ ಕೂತೆ. ಅವಳು ಅನ್ನ ಬಡಿಸಲು ಬಂದಾಗ ಸಿಟ್ಟಿಗೆ ಬೇಡ ಎಂದೆ. ಅವಳು ಸರಿ ಎಂದು ಪಾತ್ರೆ ಎತ್ತಿಕೊಂಡು ಒಳಗೆ ಹೋದಳು.

ಮುಂದಿನ ದಿನಗಳಲ್ಲಿ ಎಲ್ಲರೂ ಶಿವಮೊಗ್ಗದ ಪಂದ್ಯದ ಮಾತನ್ನೇ ಆಡುತ್ತಿದ್ದರು. ನಾನು ಅಂಗಡಿಯಲ್ಲಿ ಮೋಟಾರುಗಳ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಿದ್ದೆ. ತಂಡದ ವಾಟ್ಸಾಪ್ ಗುಂಪಿನಲ್ಲಿ ಭಾಯಿ, ಅಭ್ಯಾಸಕ್ಕೆ ಬನ್ನಿ ಎಂದು ಬರೆದರೆ ಎಲ್ಲರೂ ಹೆಬ್ಬೆರಳು ಒತ್ತುತ್ತಿದ್ದರು, ಬರುತ್ತಿದ್ದವರು ಮಾತ್ರ ಮೂರೋ ನಾಲ್ಕೋ ಜನ. ಗದ್ದೆ ಕೊಯ್ಲು ಶುರುವಾಗಿತ್ತು. ಯಾರೂ ಅಭ್ಯಾಸಕ್ಕೆ ಬರುತ್ತಿಲ್ಲವೆಂದು ಕೇಳಿ ಒಳಗೊಳಗೇ ಸ್ವಲ್ಪ ಖುಷಿಯೂ ಆಯಿತು.

ಒಂದು ಬೆಳಗ್ಗೆ ಭಾಯಿ ಅಂಗಡಿಗೆ ಬಂದರು. ಚಪ್ಪಲಿ ಬಿಡುತ್ತಲೇ, ‘ಒಂದು ಮಾತು ಕೇಳೋಣ ಅಂತ ಬಂದೆ’ ಎಂದರು.

‘ಆಗಬಹುದು ಭಾಯಿ, ನಾನು ರೆಡಿ’ ಎಂದೆ.

ಅವರು ತಬ್ಬಿಬ್ಬಾದರು. ‘ಎಂತಕ್ಕೆ ರೆಡಿ? ನಮ್ಮ ಬಾವಿ ಪಂಪು ಯಾವಾಗ ರೆಡಿ ಆಗ್ತದೆ ಅಂತ ಕೇಳೋಕೆ ಬಂದಿದ್ದು ನಾನು.’

ನನ್ನ ಮಾನ ಮೂರುಕಾಸಿಗೆ ಹೋಯಿತು. ತಲೆ ತಗ್ಗಿಸಿ ಅವರ ಪಂಪು ಹುಡುಕತೊಡಗಿದೆ. ಭಾಯಿ ಸ್ಟೂಲು ಎಳೆದುಕೊಂಡು ಕೂತರು. ನಾನು ಅದು ಇದು ಎತ್ತಿಡುವುದನ್ನು ನೋಡಿದರು.

‘ಹೊರಗಿನವರನ್ನ ಕರೆಸೋದು ಬೇಡ ಅಂತಾರೆ ಹುಡುಗರು. ಸರಿನೇ. ಆದ್ರೆ ಇಲ್ಲಿಯವರನ್ನ ಗದ್ದೆಯಿಂದ ಎಬ್ಬಿಸಿಕೊಂಡು ಬರೋದು ನನಗೆ ಗೊತ್ತಿಲ್ಲ. ಜರ್ಸಿ ನನ್ನ ಕಡೆಯಿಂದ ಇರಲಿ’ ಎಂದರು. ಆಮೇಲೆ ಸ್ಟೂಲಿನಿಂದ ಎದ್ದು ನಿಂತರು. ‘ಅವತ್ತು ಕ್ಯಾಪ್ಟನ್ ಒಂದೇ ಸಲ ಕೇಳಿದ. ಎರಡನೇ ಸಲ ನಾನು ಕೇಳ್ತಿದೀನಿ. ಮ್ಯಾನೇಜರ್ ಆಗ್ತೀರಾ?’

ನನ್ನ ಕಣ್ಣು ಒದ್ದೆಯಾಯಿತು. ‘ಆಗ್ತೀನಿ’ ಎಂದೆ. ಗ್ರೀಸು ಮೆತ್ತಿದ ಕೈಯನ್ನು ಪಂಚೆಗೆ ಒರೆಸಿಕೊಂಡು, ಅವರು ಇನ್ನೂ ಎದುರಿಗೆ ನಿಂತಿರುವಾಗಲೇ ಮುತ್ತಿನಕೊಪ್ಪದ ಗೋಲ್‌ಕೀಪರನ ಅಪ್ಪನಿಗೆ ಫೋನು ಮಾಡಿ, ಈ ಭಾನುವಾರ ನಿಮ್ಮ ಗದ್ದೆಗೆ ಎಷ್ಟು ಕುಡುಗೋಲು ಬೇಕಾಗಬಹುದು ಎಂದು ಕೇಳಿದೆ.